ಸೇನಾ ನೆಲೆಯ ಥ್ರಿಲ್ಲರ್ ಚಿತ್ರಗಳು

ಸೈನ್ಯದ ಶಿಬಿರ, ದಂಡುಪ್ರದೇಶ, ವಾಯುನೆಲೆ, ತರಬೇತಿ ಕೇಂದ್ರ ಇಲ್ಲವೆ ಯುದ್ಧನೌಕೆಯನ್ನು ಮುಖ್ಯ ಕಥಾಸ್ಥಳವಾಗಿಸಿಕೊಂಡು ಕೊಲೆ, ಬೇಹುಗಾರಿಕೆ, ಒಳಸಂಚು, ವಿಚಾರಣೆಗಳ ಸುತ್ತ ಹೆಣೆದ ಚಿತ್ರಗಳನ್ನು ಈ ಹೆಸರಿನಿಂದ ಗುರುತಿಸಬಹುದು. ಯುದ್ಧಚಿತ್ರದಲ್ಲಿ ಶತ್ರು ಗಡಿಯಾಚೆಗಿರುತ್ತಾನೆ; ಈ ಬಗೆಯ ಚಿತ್ರದಲ್ಲಿ ಅವನು ಅದೇ ಮೆಸ್ಸಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತು ಊಟ ಮಾಡುತ್ತಿರಬಹುದು. ಭಾರತದಲ್ಲಿ ಇಂಥ ಚಿತ್ರಗಳ ಸಂಖ್ಯೆ ದೊಡ್ಡದಲ್ಲ. ನೆಲೆಯ ಬಾಗಿಲು ಕಥೆಯೊಳಗಿನ ಪಾತ್ರಗಳಿಗಷ್ಟೇ ಅಲ್ಲದೆ ಕ್ಯಾಮೆರಾಕ್ಕೂ ಮುಚ್ಚಿರುವುದು ಇದಕ್ಕೆ ಮುಖ್ಯ ಕಾರಣ. ಕಥೆಯಲ್ಲಿ ಅಪರಾಧಿ ಯಾರಾಗಬಹುದು, ಯಾರಾಗಬಾರದು ಎಂಬುದನ್ನೂ ಹಲವು ಸಲ ಈ ಬಾಗಿಲೇ ತೀರ್ಮಾನಿಸಿದೆ. ದಕ್ಷಿಣ ಕಮಾಂಡಿನ ಕೇಂದ್ರವೂ ದೇಶದ ಹೆಸರಾಂತ ಚಲನಚಿತ್ರ ಶಾಲೆಯೂ ಇರುವ ಪುಣೆ ಸೇನೆ–ಸಿನಿಮಾಗಳ ಈ ಸಂಬಂಧವನ್ನು ಗಮನಿಸಲು ತಕ್ಕ ಊರು.

ಲಕ್ಷಣಗಳು

ಪತ್ತೇದಾರಿ ಕಥೆಗೆ ಬೇಕಾದ ಅನುಕೂಲಗಳೆಲ್ಲ ಸೇನಾ ನೆಲೆಯಲ್ಲಿ ಸಿದ್ಧವಾಗಿಯೇ ಇವೆ. ಒಳಗೆ ಬರುವವರ, ಹೊರಗೆ ಹೋಗುವವರ ಹೆಸರು ಗೇಟಿನ ಪುಸ್ತಕದಲ್ಲಿ ದಾಖಲಾಗುತ್ತದೆ. ಬಂದೂಕು, ಗುಂಡುಗಳಿಗೆ ಲೆಕ್ಕವಿರುತ್ತದೆ. ಕ್ವಾರ್ಟರ್ ಗಾರ್ಡಿನ ಕಾವಲುಗಾರ ಯಾವ ಹೊತ್ತಿಗೆ ಬದಲಾದ ಎಂಬುದು ಗೊತ್ತಿರುತ್ತದೆ. ಹೀಗಾಗಿ ಶಂಕಿತರ ಪಟ್ಟಿ ಮೊದಲ ದೃಶ್ಯದಲ್ಲೇ ಚಿಕ್ಕದಾಗುತ್ತದೆ. ಇದರ ಮೇಲೆ ದರ್ಜೆಯ ಕಟ್ಟುಪಾಡು ಬೇರೆ: ತನಿಖೆ ಮಾಡುವ ಕ್ಯಾಪ್ಟನ್ ತನಗಿಂತ ಮೇಲಿನ ಬ್ರಿಗೇಡಿಯರನ್ನು ಪ್ರಶ್ನಿಸುವಾಗಲೂ ಮೊದಲು ಸೆಲ್ಯೂಟ್ ಹೊಡೆಯಲೇಬೇಕು. ಬಾಯಿ ಬಿಟ್ಟರೆ ರೆಜಿಮೆಂಟಿನ ಮಾನ ಹೋಗುತ್ತದೆ, ಬಿಡದಿದ್ದರೆ ನ್ಯಾಯ ಹೋಗುತ್ತದೆ ಎಂಬ ಇಕ್ಕಟ್ಟು ಈ ಚಿತ್ರಗಳ ತಿರುಳು.

ಇವುಗಳಲ್ಲಿ ಸ್ಥೂಲವಾಗಿ ನಾಲ್ಕು ಬಗೆ ಕಾಣುತ್ತವೆ. ಕೋರ್ಟ್ ಮಾರ್ಷಲ್ ವಿಚಾರಣೆಯ ಚಿತ್ರಗಳು ಒಂದು ಬಗೆ. ನೆಲೆಯ ರಹಸ್ಯ ಸೋರಿಕೆಯಾಗುವ ಬೇಹುಗಾರಿಕೆಯ ಚಿತ್ರಗಳು ಇನ್ನೊಂದು. ಹೊರಗಿನಿಂದ ನೆಲೆಯ ಮೇಲೆ ನಡೆಯುವ ದಾಳಿ, ಅದಕ್ಕೆ ಕೊಡುವ ಉತ್ತರ ಮೂರನೆಯ ಬಗೆಯ ವಸ್ತು. ನಾಪತ್ತೆಯಾದ ಇಲ್ಲವೆ ಸತ್ತ ಸೈನಿಕನ ಬಗೆಗಿನ ಸತ್ಯವನ್ನು ಹುಡುಕುವ ಚಿತ್ರಗಳು ನಾಲ್ಕನೆಯವು.

ಪುಣೆಯ ಹಿನ್ನೆಲೆ

1817ರ ನವೆಂಬರ್ 5ರಂದು ನಡೆದ ಖಡ್ಕಿ ಕದನದಲ್ಲಿ ಪೇಶ್ವೆಯ ಸೈನ್ಯ ಸೋತ ಮೇಲೆ ಪುಣೆಯ ಸುತ್ತ ಬ್ರಿಟಿಷರ ದಂಡು ಬೀಡುಬಿಟ್ಟಿತು. 1869ರಲ್ಲಿ ಖಡ್ಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆ ಶುರುವಾಯಿತು. 1895ರಲ್ಲಿ ರೂಪುಗೊಂಡ ದಕ್ಷಿಣ ಕಮಾಂಡಿನ ಪ್ರಧಾನ ಕಚೇರಿ ಇಂದಿಗೂ ಪುಣೆಯಲ್ಲೇ ಇದೆ. ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, ದಾಪೋಡಿಯ ಮಿಲಿಟರಿ ಎಂಜಿನಿಯರಿಂಗ್ ಕಾಲೇಜು, ಖಡ್ಕಿಯ ಬಾಂಬೆ ಎಂಜಿನಿಯರ್ ಗ್ರೂಪ್, ಡಿಆರ್‌ಡಿಒದ ಪ್ರಯೋಗಾಲಯಗಳು ಇದೇ ಊರಿನಲ್ಲಿವೆ. ಖಡಕ್‌ವಾಸಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ 1949ರ ಅಕ್ಟೋಬರ್ 6ರಂದು ಜವಾಹರಲಾಲ್ ನೆಹರೂ ಅಡಿಗಲ್ಲು ಹಾಕಿದರು. 1955ರ ಜನವರಿಯಲ್ಲಿ ಅದರ ಉದ್ಘಾಟನೆಯಾಯಿತು. ಪುಣೆ, ಖಡ್ಕಿ, ದೇಹು ರೋಡ್ ಹೀಗೆ ಮೂರು ಕಂಟೋನ್ಮೆಂಟ್ ಬೋರ್ಡುಗಳು ನಗರಕ್ಕೆ ಅಂಟಿಕೊಂಡಿವೆ. ಲೋಹಗಾಂವ್‌ನಲ್ಲಿ ಇಳಿಯುವ ನಾಗರಿಕ ವಿಮಾನಗಳು ವಾಯುಪಡೆಯ ರನ್‌ವೇಯನ್ನೇ ಬಳಸುತ್ತವೆ. ಪುಣೆಯಲ್ಲಿ ಸೇನೆ ಮತ್ತು ಊರು ಗೋಡೆಗೆ ಗೋಡೆ ತಾಗಿಸಿಕೊಂಡು ಬಾಳುತ್ತಿವೆ.

ಸಿನಿಮಾದ ಪುಣೆಯೂ ಇದೇ ಊರಿನ ಇನ್ನೊಂದು ಮಗ್ಗುಲಲ್ಲಿದೆ. ಕೊಲ್ಹಾಪುರದ ಪ್ರಭಾತ್ ಫಿಲ್ಮ್ ಕಂಪನಿ 1933ರಲ್ಲಿ ಇಲ್ಲಿಗೆ ಬಂತು. ಆ ಸ್ಟುಡಿಯೋದ ಜಾಗದಲ್ಲೇ 1960ರಲ್ಲಿ ಚಲನಚಿತ್ರ ಸಂಸ್ಥೆ ಆರಂಭವಾಯಿತು. 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸೇರಿಕೊಂಡಿತು. ಕನ್ನಡಕ್ಕೂ ಈ ಚಲನಚಿತ್ರ ಸಂಸ್ಥೆಗೂ ಹತ್ತಿರದ ನಂಟು: ಗಿರೀಶ ಕಾಸರವಳ್ಳಿ ಇಲ್ಲಿ ಕಲಿತರು, ಗಿರೀಶ ಕಾರ್ನಾಡರು 1974–75ರಲ್ಲಿ ಇದರ ನಿರ್ದೇಶಕರಾಗಿದ್ದರು, ಯು. ಆರ್. ಅನಂತಮೂರ್ತಿ ಅಧ್ಯಕ್ಷರಾಗಿದ್ದರು.

ಇಷ್ಟು ಹತ್ತಿರವಿದ್ದರೂ ಪುಣೆಯ ಥ್ರಿಲ್ಲರ್ ಮತ್ತು ಪುಣೆಯ ಸೈನ್ಯ ತೆರೆಯ ಮೇಲೆ ಬೆರೆತದ್ದು ಕಡಿಮೆ. ಸಂಸ್ಥೆಯ ಹಳೆಯ ವಿದ್ಯಾರ್ಥಿ ಶ್ರೀರಾಮ್ ರಾಘವನ್ ಇದಕ್ಕೆ ಒಳ್ಳೆಯ ನಿದರ್ಶನ. ಅವರ 'ಅಂಧಾಧುನ್' (2018) ಪುಣೆಯಲ್ಲೇ ನಡೆಯುವ ಕೊಲೆಯ ಕಥೆ. ಅದಕ್ಕೆ ಅತ್ಯುತ್ತಮ ಹಿಂದಿ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಮುಂದೆ ಅವರು ಸೈನ್ಯದ ವಸ್ತುವನ್ನು ಎತ್ತಿಕೊಂಡಾಗ ಆರಿಸಿದ್ದು ಪುಣೆಯಲ್ಲಿ ಹುಟ್ಟಿ, ಖಡಕ್‌ವಾಸಲಾದಲ್ಲಿ ತರಬೇತಿ ಪಡೆದು, 1971ರ ಬಸಂತರ್ ಕದನದಲ್ಲಿ ಪೂನಾ ಹಾರ್ಸ್ ದಳದ ಟ್ಯಾಂಕಿನಲ್ಲಿ ಮಡಿದ ಪರಮವೀರ ಚಕ್ರ ಪುರಸ್ಕೃತ ಅರುಣ್ ಖೇತರ್‌ಪಾಲ್ ಅವರ ಜೀವನವನ್ನು. ಆ ಚಿತ್ರವೇ 'ಇಕ್ಕೀಸ್'. ಸಂಶಯದ ಕಥೆಗಳಲ್ಲಿ ಪಳಗಿದ ನಿರ್ದೇಶಕರೂ ಸಮವಸ್ತ್ರದ ಕಡೆ ತಿರುಗಿದಾಗ ವೀರಚರಿತ್ರೆಯನ್ನೇ ಹಿಡಿದದ್ದು ಭಾರತೀಯ ಚಿತ್ರರಂಗದ ಒಟ್ಟಾರೆ ಒಲವಿಗೆ ಹೊಂದುತ್ತದೆ.

ಬೇರೆ ದೇಶಗಳಲ್ಲಿ

ಬ್ರಿಟನ್ನಿನ 'ಕ್ಯಾರಿಂಗ್ಟನ್ ವಿ.ಸಿ.' (1954) ಸೇನಾ ವಿಚಾರಣೆಯನ್ನೇ ನಾಟಕವಾಗಿಸಿದ ಆರಂಭದ ಚಿತ್ರಗಳಲ್ಲೊಂದು. ಅಮೆರಿಕದಲ್ಲಿ ಶೀತಲ ಸಮರ ಈ ಬಗೆಗೆ ಹೊಸ ಭಯವನ್ನು ಕೊಟ್ಟಿತು. 1964ರಲ್ಲಿ ತೆರೆಕಂಡ 'ಸೆವೆನ್ ಡೇಸ್ ಇನ್ ಮೇ' ಸೇನಾಧಿಕಾರಿಗಳೇ ಸರ್ಕಾರವನ್ನು ಉರುಳಿಸಲು ಹೊರಡುವ ಕಥೆ. ಅದೇ ವರ್ಷದ 'ಡಾ. ಸ್ಟ್ರೇಂಜ್‌ಲವ್' ವಾಯುನೆಲೆಯೊಂದರ ಕಮಾಂಡರನ ಹುಚ್ಚಿನಿಂದ ಅಣುಯುದ್ಧ ಆರಂಭವಾಗುವುದನ್ನು ವಿಡಂಬನೆಯಾಗಿ ತೋರಿಸಿತು.

ನಾರ್ಮನ್ ಜೂಯಿಸನ್ ಅವರ 'ಎ ಸೋಲ್ಜರ್ಸ್ ಸ್ಟೋರಿ' (1984) ಈ ಪ್ರಕಾರದ ಗಟ್ಟಿ ಕೃತಿ. 1944ರ ಲೂಯಿಸಿಯಾನಾದ ಶಿಬಿರದಲ್ಲಿ ಕಪ್ಪು ಸಾರ್ಜೆಂಟನೊಬ್ಬನ ಕೊಲೆಯಾಗುತ್ತದೆ. ತನಿಖೆಗೆ ಬಂದ ಕಪ್ಪು ಕ್ಯಾಪ್ಟನ್ ಬಿಳಿಯರ ಜನಾಂಗದ್ವೇಷವನ್ನು ಶಂಕಿಸುತ್ತಲೇ ಆ ದ್ವೇಷ ಕಪ್ಪು ಸೈನಿಕರೊಳಗೇ ಇಳಿದು ಮಾಡಿದ ಗಾಯವನ್ನು ಕಾಣುತ್ತಾನೆ. ಗ್ವಾಂಟನಾಮೊ ನೆಲೆಯಲ್ಲಿ ಸತ್ತ ಸೈನಿಕನ ವಿಚಾರಣೆಯನ್ನು ಹೇಳುವ 'ಎ ಫ್ಯೂ ಗುಡ್ ಮೆನ್' (1992) ಆರನ್ ಸೋರ್ಕಿನ್ ನಾಟಕದಿಂದ ಬಂದದ್ದು. ಮೇಲಧಿಕಾರಿಯ ಬಾಯಿಂದಲೇ ಸತ್ಯ ಹೊರಡಿಸುವ ಅದರ ಕೊನೆಯ ಸವಾಲು ಮುಂದಿನ ಎಷ್ಟೋ ಚಿತ್ರಗಳಿಗೆ ಮಾದರಿಯಾಯಿತು. 'ದಿ ಜನರಲ್ಸ್ ಡಾಟರ್' (1999), 'ಬೇಸಿಕ್' (2003) ಅದೇ ಸಾಲಿನವು. ದಕ್ಷಿಣ ಕೊರಿಯಾದ ಪಾರ್ಕ್ ಚಾನ್-ವೂಕ್ ಅವರ 'ಜಾಯಿಂಟ್ ಸೆಕ್ಯೂರಿಟಿ ಏರಿಯಾ' (2000) ಎರಡು ಕೊರಿಯಾಗಳ ನಡುವಿನ ಕಾವಲುಠಾಣೆಯಲ್ಲಿ ನಡೆದ ಗುಂಡಿನ ಕಾಳಗವನ್ನು ಹಿಂದಕ್ಕೆ ಬಿಚ್ಚುತ್ತ, ಶತ್ರು ಸೈನಿಕರ ನಡುವೆ ಬೆಳೆದ ಗೆಳೆತನವನ್ನೇ ಮುಚ್ಚಿಟ್ಟ ರಹಸ್ಯವಾಗಿಸುತ್ತದೆ.

ಹಿಂದಿ ಚಿತ್ರಗಳ ಆರಂಭ

ದೇವ್ ಆನಂದ್ ಚಿತ್ರರಂಗಕ್ಕೆ ಬರುವ ಮೊದಲು ಮುಂಬಯಿಯ ಮಿಲಿಟರಿ ಸೆನ್ಸಾರ್ ಕಚೇರಿಯಲ್ಲಿ ಸೈನಿಕರ ಕಾಗದಗಳನ್ನು ಓದುವ ಕೆಲಸದಲ್ಲಿದ್ದರು. ಅವರ ಮೊದಲ ಚಿತ್ರ 'ಹಮ್ ಏಕ್ ಹೈಂ' (1946) ಪುಣೆಯ ಪ್ರಭಾತ್‌ನದು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ಜೊತೆ ಅವರ ಗೆಳೆತನ ಬೆಳೆದದ್ದೂ ಅಲ್ಲೇ. 'ಹಮ್ ದೋನೋ' (1961) ಚಿತ್ರದಲ್ಲಿ ದೇವ್ ಆನಂದ್ ಒಂದೇ ಮುಖಚಹರೆಯ ಕ್ಯಾಪ್ಟನ್ ಮತ್ತು ಮೇಜರ್ ಆಗಿ ಎರಡು ಪಾತ್ರ ವಹಿಸಿದರು. ಸತ್ತನೆಂದು ನಂಬಲಾದ ಮೇಜರನ ಮನೆಗೆ ಸುದ್ದಿ ಹೇಳಲು ಹೋದ ಕ್ಯಾಪ್ಟನನ್ನೇ ಮನೆಯವರು ಮೇಜರ್ ಎಂದು ತಿಳಿಯುತ್ತಾರೆ. ಸಮವಸ್ತ್ರ ತೊಟ್ಟ ಮೇಲೆ ಮನುಷ್ಯನ ಗುರುತು ಎಷ್ಟು ಸುಲಭವಾಗಿ ಅದಲುಬದಲಾಗುತ್ತದೆ ಎಂಬ ಈ ಎಳೆ ಮುಂದಿನ ಥ್ರಿಲ್ಲರ್‌ಗಳಿಗೆ ಒದಗಿಬಂತು.

1970ರ ದಶಕದಲ್ಲಿ ಯುದ್ಧದ ನೆನಪು ಹಸಿಯಾಗಿತ್ತು. ರಮಾನಂದ ಸಾಗರ್ ಅವರ 'ಲಲ್ಕಾರ್' (1972) ಎರಡನೇ ಮಹಾಯುದ್ಧದ ಕಾಲದ ಜಪಾನಿ ವಾಯುನೆಲೆಯನ್ನು ಗುರಿಯಾಗಿಸಿಕೊಂಡ ಸಾಹಸವನ್ನು ಹೇಳಿತು. ಚೇತನ್ ಆನಂದ್ ಅವರ 'ಹಿಂದುಸ್ತಾನ್ ಕೀ ಕಸಮ್' (1973) 1971ರ ಯುದ್ಧದ ವಾಯುಪಡೆಯನ್ನು ಕಥೆಗೆ ತಂದಿತು. 'ವಿಜೇತಾ' (1982) ಥ್ರಿಲ್ಲರ್ ಅಲ್ಲದಿದ್ದರೂ ಈ ಚರಿತ್ರೆಯಲ್ಲಿ ಅದಕ್ಕೆ ಸ್ಥಾನವಿದೆ: ಹುಡುಗನೊಬ್ಬ ಯುದ್ಧವಿಮಾನದ ಪೈಲಟ್ ಆಗುವವರೆಗಿನ ದಾರಿಯನ್ನು ಅದು ತರಬೇತಿಯ ದಿನಚರಿ, ನಿಜವಾದ ವಿಮಾನಗಳ ಮೂಲಕ ತೋರಿಸಿತು. ನಿರ್ದೇಶಕ ಗೋವಿಂದ ನಿಹಲಾನಿ ಛಾಯಾಗ್ರಹಣ ಕಲಿತದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಅವರ ಬಳಿ ಸಹಾಯಕರಾಗಿದ್ದ ರಾಜಕುಮಾರ್ ಸಂತೋಷಿ 'ಪುಕಾರ್' (2000) ಮಾಡಿದರು. ಸೇನೆಯ ರಹಸ್ಯ ಸಂಕೇತ ಸೋರಿಕೆಯಾಗಿ, ನಿರಪರಾಧಿ ಮೇಜರ್ ದೇಶದ್ರೋಹದ ಆರೋಪ ಹೊತ್ತು ಕೋರ್ಟ್ ಮಾರ್ಷಲ್ ಎದುರಿಸುವ ಈ ಚಿತ್ರ ಅನಿಲ್ ಕಪೂರ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ತಂದಿತು. ಸೋರಿಕೆಗೆ ಕಾರಣಳಾದವಳು ಪ್ರೇಮಭಂಗಗೊಂಡ ಒಬ್ಬ ನಾಗರಿಕ ಹೆಣ್ಣು. ಸೇನೆಯೊಳಗೆ ಕೊಳೆ ಇತ್ತೆಂದು ಚಿತ್ರ ಹೇಳುವುದಿಲ್ಲ. ಸಂತೋಷಿಯವರ ತಂದೆ ಪಿ. ಎಲ್. ಸಂತೋಷಿ ಪ್ರಭಾತ್‌ನ 'ಹಮ್ ಏಕ್ ಹೈಂ' ಚಿತ್ರದ ನಿರ್ದೇಶಕರು.

ಕೋರ್ಟ್ ಮಾರ್ಷಲ್ ಚಿತ್ರಗಳು

1950ರ ಭೂಸೇನಾ ಕಾಯ್ದೆ ನಾಲ್ಕು ಬಗೆಯ ಕೋರ್ಟ್ ಮಾರ್ಷಲ್‌ಗಳನ್ನು ಗುರುತಿಸುತ್ತದೆ: ಜನರಲ್, ಡಿಸ್ಟ್ರಿಕ್ಟ್, ಸಮ್ಮರಿ ಜನರಲ್ ಮತ್ತು ಸಮ್ಮರಿ. ಜನರಲ್ ಕೋರ್ಟ್ ಮಾರ್ಷಲ್‌ನಲ್ಲಿ ಕನಿಷ್ಠ 5 ಅಧಿಕಾರಿಗಳು ಕೂರುತ್ತಾರೆ. ಕಾನೂನಿನ ಸಲಹೆಗೆ ಜಡ್ಜ್ ಅಡ್ವೊಕೇಟ್ ಇರುತ್ತಾರೆ. ಮರಣದಂಡನೆಗೆ ಮೂರನೇ ಎರಡರಷ್ಟು ಸದಸ್ಯರ ಒಪ್ಪಿಗೆ ಬೇಕು. ಕೊಟ್ಟ ತೀರ್ಪನ್ನು ಮೇಲಿನ ಅಧಿಕಾರಿ ಸ್ಥಿರಪಡಿಸಬೇಕು. ಸಮ್ಮರಿ ಕೋರ್ಟ್ ಮಾರ್ಷಲ್‌ನಲ್ಲಿಯಾದರೋ ಘಟಕದ ಕಮಾಂಡಿಂಗ್ ಆಫೀಸರ್ ಒಬ್ಬರೇ ನ್ಯಾಯಾಲಯ. ತೀರ್ಪು ಕೊಡುವವನೂ ಆರೋಪಿಯೂ ಒಂದೇ ಸಮವಸ್ತ್ರ ತೊಟ್ಟಿರುತ್ತಾರೆ ಎಂಬುದರಿಂದಲೇ ಈ ದೃಶ್ಯಗಳಿಗೆ ಬಿಗಿ ಬರುತ್ತದೆ.

ಭಾರತದಲ್ಲಿ ಇದರ ಮೂಲಕೃತಿ ಸಿನಿಮಾವಲ್ಲ, ನಾಟಕ. ಸ್ವದೇಶ್ ದೀಪಕ್ ಅವರ ಹಿಂದಿ ನಾಟಕ 'ಕೋರ್ಟ್ ಮಾರ್ಷಲ್' 1991ರಲ್ಲಿ ರಂಜಿತ್ ಕಪೂರ್ ನಿರ್ದೇಶನದಲ್ಲಿ ರಂಗಕ್ಕೆ ಬಂತು. ಕೆಳಜಾತಿಯ ಸವಾರ ರಾಮಚಂದರ್ ಒಬ್ಬ ಅಧಿಕಾರಿಯನ್ನು ಕೊಂದು, ಇನ್ನೊಬ್ಬನನ್ನು ಗಾಯಗೊಳಿಸಿದ್ದಾನೆ. ತಪ್ಪನ್ನು ಒಪ್ಪಿಕೊಂಡೂ ಇದ್ದಾನೆ. ಯಾರು ಕೊಂದರು ಎಂಬ ಪ್ರಶ್ನೆಯೇ ಇಲ್ಲಿಲ್ಲ. ಆರೋಪಿಯ ಪರ ನಿಂತ ಕ್ಯಾಪ್ಟನ್ ಬಿಕಾಶ್ ರಾಯ್ ಒಂದೊಂದೇ ಪ್ರಶ್ನೆ ಹಾಕುತ್ತ ಏಕೆ ಕೊಂದ ಎಂಬುದನ್ನು ಹೊರತೆಗೆಯುತ್ತಾನೆ. ಆಗ ಕಟಕಟೆಯಲ್ಲಿ ನಿಲ್ಲುವುದು ಮೆಸ್ಸು, ಮನೆಗೆಲಸಗಳ ಮರೆಯಲ್ಲಿ ನಡೆಯುವ ಜಾತಿನಿಂದೆ.

ಸಮರ್ ಖಾನ್ ಅವರ 'ಶೌರ್ಯ' (2008) ಈ ನಾಟಕದ ಚೌಕಟ್ಟನ್ನು ಕಾಶ್ಮೀರಕ್ಕೆ ಒಯ್ದಿತು. ಇಲ್ಲಿ ಮೇಲಧಿಕಾರಿಯನ್ನು ಕೊಂದ ಆರೋಪ ಹೊತ್ತವನು ಕ್ಯಾಪ್ಟನ್ ಜಾವೇದ್ ಖಾನ್. ಜಾತಿಯ ಜಾಗದಲ್ಲಿ ಧರ್ಮ ಬಂತು. ರಾಹುಲ್ ಬೋಸ್ ವಕೀಲನಾಗಿ, ಕೇ ಕೇ ಮೆನನ್ ಬ್ರಿಗೇಡಿಯರ್ ರುದ್ರಪ್ರತಾಪ್ ಸಿಂಗ್ ಆಗಿ ಎದುರಾಗುವ ಕೊನೆಯ ದೃಶ್ಯದಲ್ಲಿ 'ಎ ಫ್ಯೂ ಗುಡ್ ಮೆನ್' ನೆರಳು ಸ್ಪಷ್ಟ. ಮಾಧವ್ ರಾಮದಾಸನ್ ಅವರ ಮಲಯಾಳಂ ಚಿತ್ರ 'ಮೇಲ್ವಿಲಾಸಂ' (2011) ಮೂಲ ನಾಟಕಕ್ಕೆ ಹೆಚ್ಚು ಹತ್ತಿರ. ಸೂರ್ಯ ಕೃಷ್ಣಮೂರ್ತಿಯವರ ರಂಗರೂಪವನ್ನು ಆಧರಿಸಿದ ಅದು ಹೆಚ್ಚು ಕಡಿಮೆ ಪೂರ್ತಿಯಾಗಿ ವಿಚಾರಣೆಯ ಕೋಣೆಯಲ್ಲೇ ನಡೆಯುತ್ತದೆ. ಪಾರ್ತಿಬನ್ ಸವಾರನಾಗಿ, ಸುರೇಶ್ ಗೋಪಿ ವಕೀಲನಾಗಿ ಅಭಿನಯಿಸಿದ್ದಾರೆ. ಒಂದೇ ಕೋಣೆ ಸಾಕಾದ್ದರಿಂದ ನಿಜವಾದ ನೆಲೆಯ ಹಂಗಿಲ್ಲದೆ ಜಾತಿಯ ಪ್ರಶ್ನೆಯನ್ನು ಎತ್ತಲು ಈ ಚಿತ್ರಕ್ಕೆ ಸಾಧ್ಯವಾಯಿತು. ಮಲಯಾಳಂನಲ್ಲಿ ಇದಕ್ಕೂ ಮೊದಲು ಜೋಷಿ ನಿರ್ದೇಶನದ, ಮಮ್ಮೂಟ್ಟಿ ನಟಿಸಿದ 'ನಾಯರ್ ಸಾಬ್' (1989) ಸೇನಾ ತರಬೇತಿಯ ಹಿನ್ನೆಲೆಯಲ್ಲಿ ಬಂದಿತ್ತು.

ನಾನಾವತಿ ಪ್ರಕರಣದ ಚಿತ್ರಗಳು

1959ರ ಏಪ್ರಿಲ್ 27ರಂದು ನೌಕಾಪಡೆಯ ಕಮಾಂಡರ್ ಕೆ. ಎಂ. ನಾನಾವತಿ ತಮ್ಮ ಹೆಂಡತಿಯ ಪ್ರಿಯಕರ ಪ್ರೇಮ್ ಆಹುಜಾನನ್ನು ಮುಂಬಯಿಯಲ್ಲಿ ಗುಂಡಿಟ್ಟು ಕೊಂದರು. ಅವರು ಐಎನ್‌ಎಸ್ ಮೈಸೂರು ಹಡಗಿನ ಎರಡನೇ ಅಧಿಕಾರಿ. ಸುಳ್ಳು ಕಾರಣ ಹೇಳಿ ರಿವಾಲ್ವರ್ ಪಡೆದದ್ದು ಆ ಹಡಗಿನ ಉಗ್ರಾಣದಿಂದಲೇ. ಜೂರಿ ಅವರನ್ನು ನಿರ್ದೋಷಿಯೆಂದಿತು, ಹೈಕೋರ್ಟ್ ಅದನ್ನು ಒಪ್ಪದೆ ಶಿಕ್ಷೆ ವಿಧಿಸಿತು. 1961ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು. ಈ ಪ್ರಕರಣದ ಛಾಯೆಯಲ್ಲಿ 'ಯೆ ರಾಸ್ತೇ ಹೈಂ ಪ್ಯಾರ್ ಕೇ' (1963) ಬಂತು. ಗುಲ್ಜಾರ್ ಅವರ 'ಅಚಾನಕ್' (1973) ನಾಯಕನನ್ನು ಭೂಸೇನೆಯ ಮೇಜರ್ ಆಗಿಸಿ, ಯುದ್ಧದಲ್ಲಿ ಕೊಂದರೆ ಪದಕ, ಮನೆಯಲ್ಲಿ ಕೊಂದರೆ ನೇಣು ಎಂಬ ವಿಪರ್ಯಾಸವನ್ನು ಮುಂದಿಟ್ಟಿತು. 'ರುಸ್ತುಂ' (2016) ಅದೇ ಕಥೆಗೆ ರಕ್ಷಣಾ ಖರೀದಿಯ ಭ್ರಷ್ಟಾಚಾರವನ್ನು ಸೇರಿಸಿ ಥ್ರಿಲ್ಲರ್ ಮಾಡಿತು. ಅಸೂಯೆಯ ಕೊಲೆ ಇಲ್ಲಿ ದೇಶಭಕ್ತಿಯ ಕಾರ್ಯವಾಗಿ ಮಾರ್ಪಟ್ಟಿತು.

ತರಬೇತಿ ಶಿಬಿರ: ಬೆಳಗಾವಿ

ನಾನಾ ಪಾಟೇಕರ್ ನಿರ್ದೇಶಿಸಿ ನಟಿಸಿದ 'ಪ್ರಹಾರ್' (1991) ಕರ್ನಾಟಕಕ್ಕೆ ನೇರವಾಗಿ ಸಂಬಂಧಿಸಿದ್ದು. ಮರಾಠಾ ಲಘು ಪದಾತಿ ದಳದ ಕೇಂದ್ರವೂ ಪದಾತಿ ಶಾಲೆಯ ಕಮಾಂಡೋ ವಿಭಾಗವೂ ಬೆಳಗಾವಿಯಲ್ಲಿವೆ. ಈ ಕಮಾಂಡೋ ತರಬೇತಿಯ ಕಠಿಣ ಲೋಕವೇ ಚಿತ್ರದ ಮೊದಲರ್ಧದ ಜೀವಾಳ. ಪಾಟೇಕರ್ ಪಾತ್ರಕ್ಕಾಗಿ ಸೈನಿಕ ತರಬೇತಿಯನ್ನೂ ಪಡೆದರು. ಮೇಜರ್ ಚೌಹಾಣ್ ತಾನು ರೂಪಿಸಿದ ಶಿಷ್ಯ ಪೀಟರ್ ಡಿಸೋಜಾನ ಮದುವೆಗೆಂದು ಮುಂಬಯಿಗೆ ಹೋದಾಗ ಅವನು ಹಫ್ತಾ ವಸೂಲಿಗಾರರ ಕೈಯಲ್ಲಿ ಸತ್ತಿರುವುದು ತಿಳಿಯುತ್ತದೆ. ಶಿಬಿರದ ಶಿಸ್ತು ಮತ್ತು ಹೊರಗಿನ ಊರಿನ ಹೇಡಿತನಗಳನ್ನು ಎದುರುಬದುರು ನಿಲ್ಲಿಸುವ ಈ ಚಿತ್ರದಲ್ಲಿ ನೆಲೆ ಶುದ್ಧ, ಸಮಾಜ ಕೊಳಕು. 'ಎ ಸೋಲ್ಜರ್ಸ್ ಸ್ಟೋರಿ' ಶಿಬಿರದೊಳಗೆ ಹುಡುಕಿದ ರೋಗವನ್ನು 'ಪ್ರಹಾರ್' ಹೊರಗೆ ಹುಡುಕಿತು. ಪಾಟೇಕರ್ 1999ರ ಕಾರ್ಗಿಲ್ ಯುದ್ಧದ ಹೊತ್ತಿಗೆ ಮರಾಠಾ ಲಘು ಪದಾತಿ ದಳದೊಂದಿಗೆ ಕೆಲಸ ಮಾಡಿದರು.

ವಾಯುನೆಲೆ: ದೇವಯ್ಯ ಪ್ರಕರಣ

1965ರ ಸೆಪ್ಟೆಂಬರ್ 7ರ ಬೆಳಗ್ಗೆ ಪಂಜಾಬಿನ ಆದಂಪುರ ನೆಲೆಯಿಂದ ಒಂದನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದವು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಕಾಯ್ದಿರಿಸಿದ ಪೈಲಟ್ ಆಗಿ ಜೊತೆಗೂಡಿದವರು, ಮರಳಲಿಲ್ಲ. ಅವರಿಗೆ ಏನಾಯಿತೆಂಬುದು ವರ್ಷಗಟ್ಟಲೆ ತಿಳಿಯಲಿಲ್ಲ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಅವರ ಪುಸ್ತಕ ಬಂದಾಗ, ಏಟು ತಿಂದ ಮಿಸ್ಟೇರ್ ಒಂದು ತನಗಿಂತ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿದ ಸಂಗತಿ ಹೊರಬಿತ್ತು. ಅದನ್ನು ಹಾರಿಸುತ್ತಿದ್ದವರು ದೇವಯ್ಯನವರೇ ಎಂದು ಖಚಿತವಾಗಿ, 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು.

'ಸ್ಕೈ ಫೋರ್ಸ್' (2025) ಈ ಹುಡುಕಾಟವನ್ನು ಕಥೆಯಾಗಿಸಿದೆ. ಸಂದೀಪ್ ಕೇವ್ಲಾನಿ ಮತ್ತು ಅಭಿಷೇಕ್ ಅನಿಲ್ ಕಪೂರ್ ನಿರ್ದೇಶಿಸಿದ ಈ ಚಿತ್ರದಲ್ಲಿ ದೇವಯ್ಯನವರ ಪಾತ್ರಕ್ಕೆ ಬೇರೆ ಹೆಸರಿದೆ. ವೀರ್ ಪಹಾಡಿಯಾ ಆ ಪಾತ್ರದಲ್ಲಿ, ಅಕ್ಷಯ್ ಕುಮಾರ್ ಅವನನ್ನು ಹುಡುಕುವ ಹಿರಿಯ ಅಧಿಕಾರಿಯಾಗಿ ನಟಿಸಿದ್ದಾರೆ. ಶತ್ರುವಿನ ದಾಖಲೆ, ಕಡತ, ಸಾಕ್ಷ್ಯಗಳಿಂದ ಸತ್ಯವನ್ನು ಹೊಂದಿಸುವ ಭಾಗ ಪತ್ತೇದಾರಿ ಕಥೆಯ ಜಾಡಿನದು. ಇದೇ ಹೊತ್ತಿನ ಇತರ ವಾಯುನೆಲೆ ಚಿತ್ರಗಳಾದ 'ಭುಜ್' (2021), 'ಫೈಟರ್' (2024) ಯುದ್ಧದ ಅಬ್ಬರವನ್ನೇ ನೆಚ್ಚಿಕೊಂಡವು.

ಕನ್ನಡ ಚಿತ್ರರಂಗ

ಕನ್ನಡ ಚಿತ್ರಗಳಲ್ಲಿ ಸೈನಿಕ ಪಾತ್ರಗಳಿಗೆ ಕೊರತೆಯಿಲ್ಲ. ಎಸ್. ವಿ. ರಾಜೇಂದ್ರಸಿಂಗ್ ಬಾಬು ಅವರ 'ಮುತ್ತಿನಹಾರ' (1990) ಕೊಡಗಿನ ಯೋಧನ ಬದುಕನ್ನು ರಣರಂಗದ ಜೊತೆ ಹೆಣೆದ ದೊಡ್ಡ ಚಿತ್ರ. ಸುನಿಲ್ ಕುಮಾರ್ ದೇಸಾಯಿ ಅವರ 'ನಿಷ್ಕರ್ಷ' (1993) ದರೋಡೆಕೋರರ ವಶದಲ್ಲಿರುವ ಬ್ಯಾಂಕ್ ಕಟ್ಟಡಕ್ಕೆ ಕಮಾಂಡೋನನ್ನು ಕಳಿಸಿತು. ಮಣಿಪಾಲದಲ್ಲಿ ತೆಗೆದ ಈ ಚಿತ್ರದಲ್ಲಿ ಮುಚ್ಚಿದ ಆವರಣದ ಬಿಗಿ ಇದೆ, ಆದರೆ ಆವರಣ ಸೈನ್ಯದ್ದಲ್ಲ. 'ಸೈನಿಕ' (2002), ಪುನೀತ್ ರಾಜ್‌ಕುಮಾರ್ ಅವರ 'ಜೇಮ್ಸ್' (2022) ಕೂಡ ಯೋಧನನ್ನು ನಾಯಕನಾಗಿಸಿದವು. ಕನ್ನಡದಲ್ಲಿ ಸೈನಿಕ ಹೆಚ್ಚಾಗಿ ಊರಿಗೆ ಬಂದು ಅಲ್ಲಿಯ ಅನ್ಯಾಯದ ವಿರುದ್ಧ ನಿಲ್ಲುವವನು. ಬೆಂಗಳೂರಿನಲ್ಲಿ ಬೆಳೆದು, ಖಡಕ್‌ವಾಸಲಾದಲ್ಲಿ ತರಬೇತಿ ಪಡೆದು, 2008ರ ಮುಂಬಯಿ ದಾಳಿಯಲ್ಲಿ ಮಡಿದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಕಥೆ 'ಮೇಜರ್' (2022) ಆಗಿ ಬಂದದ್ದು ತೆಲುಗು ಮತ್ತು ಹಿಂದಿಯಲ್ಲಿ.

ಅನುಮತಿ ಮತ್ತು ಸೆನ್ಸಾರ್

ನೆಲೆಯೊಳಗೆ ಚಿತ್ರೀಕರಿಸಲು, ಸೇನೆಯ ಟ್ಯಾಂಕು, ವಿಮಾನಗಳನ್ನು ಬಳಸಲು ರಕ್ಷಣಾ ಇಲಾಖೆಯ ಒಪ್ಪಿಗೆ ಬೇಕು. ಅದಕ್ಕೆ ಚಿತ್ರಕಥೆಯನ್ನು ಮೊದಲೇ ತೋರಿಸಬೇಕಾಗುತ್ತದೆ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಸೇನಾ ಸ್ಥಳಗಳನ್ನು ನಿಷಿದ್ಧ ಪ್ರದೇಶಗಳೆಂದು ಪರಿಗಣಿಸುತ್ತದೆ. ಮಿಗ್-21 ಅಪಘಾತವನ್ನು ಎತ್ತಿಕೊಂಡ 'ರಂಗ್ ದೇ ಬಸಂತಿ' (2006) ಬಿಡುಗಡೆಗೆ ಮೊದಲು ಅಂದಿನ ರಕ್ಷಣಾ ಸಚಿವ ಪ್ರಣವ್ ಮುಖರ್ಜಿ ಮತ್ತು ಸೇನಾಧಿಕಾರಿಗಳ ಮುಂದೆ ಪ್ರದರ್ಶನಗೊಂಡಿತು. ನೀರಜ್ ಪಾಂಡೆ ಅವರ 'ಅಯ್ಯಾರಿ' (2018) ಮಿಲಿಟರಿ ಗುಪ್ತಚರ ಘಟಕದ ಗುರು–ಶಿಷ್ಯರ ಜಗಳವನ್ನೂ ಮುಂಬಯಿಯ ಆದರ್ಶ್ ವಸತಿ ಹಗರಣವನ್ನು ನೆನಪಿಸುವ ಪ್ರಸಂಗವನ್ನೂ ಇಟ್ಟುಕೊಂಡಿತ್ತು. ಇಲಾಖೆಯ ಆಕ್ಷೇಪಗಳಿಂದ ಅದರ ಬಿಡುಗಡೆ ಮುಂದಕ್ಕೆ ಹೋಯಿತು. 2020ರ ಜುಲೈಯಲ್ಲಿ ರಕ್ಷಣಾ ಸಚಿವಾಲಯ ಸೆನ್ಸಾರ್ ಮಂಡಳಿಗೆ ಪತ್ರ ಬರೆದು, ಸೇನೆಯ ವಸ್ತುವಿರುವ ಚಿತ್ರ, ಸರಣಿಗಳ ಪ್ರಸಾರಕ್ಕೆ ಮೊದಲು ತನ್ನ ನಿರಾಕ್ಷೇಪಣಾ ಪತ್ರ ಪಡೆಯಬೇಕೆಂದು ತಿಳಿಸಿತು. ಅದೇ ವರ್ಷ 'ಗುಂಜನ್ ಸಕ್ಸೇನಾ' ಚಿತ್ರದ ಲಿಂಗ ತಾರತಮ್ಯದ ಚಿತ್ರಣಕ್ಕೂ, 'ಎಕೆ ವರ್ಸಸ್ ಎಕೆ' ಚಿತ್ರದಲ್ಲಿ ಸಮವಸ್ತ್ರ ತೊಟ್ಟ ರೀತಿಗೂ ವಾಯುಪಡೆ ಆಕ್ಷೇಪಿಸಿತು.

ಈ ತಡೆಯನ್ನು ದಾಟಲು ಚಿತ್ರಗಳು ಕಂಡುಕೊಂಡ ದಾರಿಗಳಲ್ಲಿ ನೆಲೆಯನ್ನು ಗಡಿಯಾಚೆಗೆ ಸಾಗಿಸುವುದೂ ಒಂದು. ಮೇಘನಾ ಗುಲ್ಜಾರ್ ಅವರ 'ರಾಜಿ' (2018) ಪಾಕಿಸ್ತಾನಿ ಸೇನಾಧಿಕಾರಿಯ ಮನೆಗೆ ಸೊಸೆಯಾಗಿ ಹೋದ ಭಾರತೀಯ ಗೂಢಚಾರಿಣಿಯ ಕಥೆ. ದಂಡಿನ ಮನೆವಾರ್ತೆ, ಅಡುಗೆಮನೆ, ಅತ್ತೆಮನೆಯವರ ಪ್ರೀತಿ ಎಲ್ಲವೂ ಇಲ್ಲಿ ಅಪಾಯದ ಜಾಗಗಳಾಗುತ್ತವೆ. ಶತ್ರುವಿನ ನೆಲೆಯಾದ್ದರಿಂದ ಅದರೊಳಗೆ ನಡೆಯುವ ವಂಚನೆಯನ್ನು ತೋರಿಸಲು ತೊಡಕಿರಲಿಲ್ಲ. ನಿಜಘಟನೆಯ ಆಸರೆ ಹಿಡಿಯುವುದು ಇನ್ನೊಂದು ದಾರಿ: 1998ರ ಮೇ ತಿಂಗಳ ಪೋಖ್ರಾನ್ ಪರೀಕ್ಷೆಯನ್ನು ಅಮೆರಿಕದ ಉಪಗ್ರಹಗಳ ಕಣ್ಣುತಪ್ಪಿಸಿ ನಡೆಸಿದ ಕಥೆಯ 'ಪರಮಾಣು' (2018), 2016ರ ಉರಿ ಶಿಬಿರದ ದಾಳಿ ಮತ್ತು ಅದಕ್ಕೆ ಕೊಟ್ಟ ಉತ್ತರದ 'ಉರಿ' (2019) ಈ ಗುಂಪಿನವು.

ವೆಬ್ ಸರಣಿಗಳು ಮತ್ತು ಮೌಲ್ಯಮಾಪನ

ಒಟಿಟಿ ವೇದಿಕೆಗಳು ಬಂದ ಮೇಲೆ ಸೇನಾ ನೆಲೆಯ ಕಥೆಗಳಿಗೆ ಸ್ವಲ್ಪ ಜಾಗ ಹೆಚ್ಚಿತು. ನಿಮ್ರತ್ ಕೌರ್ ನಟಿಸಿದ 'ದಿ ಟೆಸ್ಟ್ ಕೇಸ್' (2017) ಪುರುಷರ ನಡುವೆ ಕಮಾಂಡೋ ತರಬೇತಿಗೆ ಬಂದ ಮಹಿಳಾ ಕ್ಯಾಪ್ಟನ್ ಎದುರಿಸುವ ಹಿಂಸೆಯನ್ನು ಹೇಳಿತು. 'ಕೋಡ್ ಎಂ' (2020) ಸೇನೆಯ ವಕೀಲೆಯಾದ ಮೇಜರ್ ಮೋನಿಕಾ ಮೆಹ್ರಾ ಎನ್‌ಕೌಂಟರ್ ಒಂದರ ಹಿಂದಿನ ಸತ್ಯ ಹುಡುಕುವ ಕಥೆ. ಅಪರಾಧ ನೆಲೆಯೊಳಗೇ ಇರಬಹುದೆಂದು ಒಪ್ಪಿ ಹೊರಡುವ ಧೈರ್ಯ ಈ ಸರಣಿಗಳಿಗಿದೆ.

ನಿಜಜೀವನ ಈ ಚಿತ್ರಗಳಿಗಿಂತ ಹಿಂದೆ ಬಿದ್ದಿಲ್ಲ. 1986ರ ಆಗಸ್ಟ್ 10ರಂದು ನಿವೃತ್ತ ಭೂಸೇನಾ ಮುಖ್ಯಸ್ಥ ಜನರಲ್ ಅರುಣ್ ವೈದ್ಯ ಅವರನ್ನು ಪುಣೆಯ ರಸ್ತೆಯಲ್ಲೇ ಗುಂಡಿಟ್ಟು ಕೊಲ್ಲಲಾಯಿತು. 2023ರ ಮೇ ತಿಂಗಳಲ್ಲಿ ಪುಣೆಯ ಡಿಆರ್‌ಡಿಒ ಪ್ರಯೋಗಾಲಯವೊಂದರ ಹಿರಿಯ ವಿಜ್ಞಾನಿಯನ್ನು ಪಾಕಿಸ್ತಾನಕ್ಕೆ ಮಾಹಿತಿ ನೀಡಿದ ಆರೋಪದ ಮೇಲೆ ಮಹಾರಾಷ್ಟ್ರದ ಭಯೋತ್ಪಾದನೆ ನಿಗ್ರಹ ದಳ ಬಂಧಿಸಿತು.

ಭಾರತದ ಸೇನಾ ನೆಲೆಯ ಥ್ರಿಲ್ಲರ್‌ಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಂಗಡಣೆ ಕಾಣುತ್ತದೆ. ಇಲಾಖೆಯ ಸಹಕಾರದಿಂದ ದೊಡ್ಡದಾಗಿ ಬೆಳೆದ ಚಿತ್ರಗಳಲ್ಲಿ ತಪ್ಪು ಹೊರಗಿನವರದು ಇಲ್ಲವೆ ಒಬ್ಬ ಕೆಟ್ಟ ವ್ಯಕ್ತಿಯದು. ವ್ಯವಸ್ಥೆ ಕೊನೆಗೆ ತಾನೇ ತೊಳೆದುಕೊಳ್ಳುತ್ತದೆ. ಜಾತಿ, ಧರ್ಮ, ಲಿಂಗಗಳ ಪ್ರಶ್ನೆ ಕೇಳಿದವು ಬಹುಮಟ್ಟಿಗೆ ಒಂದು ಮೇಜು, ಐದಾರು ಕುರ್ಚಿ ಇದ್ದರೆ ಸಾಗುವ, ರಂಗಭೂಮಿಯಿಂದ ಬಂದ ವಿಚಾರಣೆಯ ಕಥೆಗಳು. ಅಮೆರಿಕದ 'ಎ ಸೋಲ್ಜರ್ಸ್ ಸ್ಟೋರಿ', 'ಎ ಫ್ಯೂ ಗುಡ್ ಮೆನ್' ಸಹ ಮೊದಲು ನಾಟಕಗಳಾಗಿದ್ದವು ಎಂಬುದನ್ನು ಗಮನಿಸಿದರೆ, ನೆಲೆಯ ಬಾಗಿಲು ತೆರೆಯದ ಕಡೆಗಳಲ್ಲೆಲ್ಲ ಈ ಪ್ರಕಾರಕ್ಕೆ ರಂಗಭೂಮಿಯೇ ಆಶ್ರಯ ಕೊಟ್ಟಿದೆ ಎನ್ನಬಹುದು.